ಶ್ರೀಪ್ರಿಯಾಳಿಗೆ ಮೊದಲ ಉಡಿ

ಮಾನ್ವಿಯ ಸತ್ಯಭಾಮಾಬಾಯಿಯವರ ಸೊಸೆ ಶ್ರೀಪ್ರಿಯಾಳಿಗೆ ಇಪ್ಪತ್ತೊಂಬತ್ತು ವರ್ಷ. ಮಡಿಲಲ್ಲಿ ಹಾಲು ಕುಡಿಯುವ ಕೂಸು. ಒಂದು ದಿನ ಎಡ ಎದೆಯಲ್ಲಿ ಗಂಟು ಕೈಗೆ ಹತ್ತಿತು. ಅತ್ತೆಗೆ ಹೇಳಿದಳು.

"ಹಾಲು ಕಟ್ಟಿ ಹಾಲುಗಡ್ಡಿ ಆಗಿರಬೇಕು ತಗೋ. ಬಿಸಿ ಅರಿವಿ ಇಡು, ಕರಗ್ತದ," ಎಂದರು ಬಾಯಿಯವರು.

ತಿಂಗಳಾದರೂ ಕರಗಲಿಲ್ಲ. ನೋವೂ ಇರಲಿಲ್ಲ. ಪಕ್ಕದ ಮನೆಯ ನರ್ಸ್ ನಗ್ಮಾ ಸುದ್ದಿ ಕೇಳಿ ಬಂದಳು.

"ಬಾಯಾರ, ಹಾಲುಗಡ್ಡಿ ಇಷ್ಟು ದಿನ ಇರೋದಿಲ್ಲ. ನೋವಿಲ್ಲಂತ ಬಿಡಬ್ಯಾಡ್ರಿ. ನಾಳೆನೇ ರಾಯಚೂರಿಗೆ ಹೋಗ್ರಿ."

"ಇಷ್ಟು ಸಣ್ಣ ವಯಸ್ಸಿಗೆ ಅಂಥಾದ್ದೇನು ಬರ್ತದವಾ?"

"ರೋಗ ಜಾತಕ ನೋಡಿ ಬರ್ತದೇನ್ರಿ?"

ಅತ್ತೆ-ಸೊಸೆ ರಾಯಚೂರಿಗೆ ಹೋದರು. ಅಲ್ಲಿ ಸ್ಕ್ಯಾನ್ ಮಾಡಿ, ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷಿಸಿದರು. ಸ್ತನ ಕ್ಯಾನ್ಸರ್. ಡಾಕ್ಟರಮ್ಮ ಸಮಾಧಾನದಿಂದ ತಿಳಿಸಿದರು: "ಗಂಟು ಎದಿಯಾಗಷ್ಟೇ ಅದ, ವಾಸಿ ಆಗ್ತದ. ಮೊದಲು ಕೀಮೋ ಔಷಧ ಕೊಟ್ಟು ಗಂಟು ಕುಗ್ಗಿಸೋಣ. ಆಮೇಲೆ ಆಪರೇಷನ್, ಅದಾದ ಮೇಲೆ ರೇಡಿಯೇಷನ್. ಕೂಸಿಗೆ ಎದಿಹಾಲು ಬಿಡಿಸಿ ಮೇಲುಹಾಲು ಹಾಕ್ರಿ. ತಲಿಗೂದಲು ಉದುರ್ತಾವ, ಮತ್ತ ಬರ್ತಾವ."

ಮನೆಗೆ ಬಂದ ಮೇಲೂ ಬಾಯಿಯವರಿಗೆ ಕೂದಲಿನದೇ ಚಿಂತೆ. "ಮುತ್ತೈದಿ ತಲಿ ಬೋಳಾಗೋದಂದ್ರೇನು? ಮಂದಿ ಏನಂದಾರು? ದೇವದುರ್ಗದ ಕಡೆ ಯಾರೋ ಬೇರಿನ ಔಷಧ ಕೊಡ್ತಾರಂತ. ಮೊದಲು ಅದನ್ನ ನೋಡೂಣು."

"ಕೂದಲು ಹೋದ್ರ ಬರ್ತಾವ, ಬಾಯಾರ," ಎಂದಳು ನಗ್ಮಾ. "ಸೊಸಿ ಹೋದ್ರ?"

ಬಾಯಿಯವರಿಗೆ ಒಡಹುಟ್ಟಿದ ತಂಗಿಯ ನೆನಪಾಯಿತು. ಅವಳು ಇದೇ ಬೇನೆಯನ್ನು ನಾಚಿಕೆಯಿಂದ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು, ಸಣ್ಣ ಮಕ್ಕಳನ್ನು ಬಿಟ್ಟು ಹೋಗಿದ್ದಳು. ಬಾಯಿಯವರು ಗುರುರಾಯರ ಪಟಕ್ಕೆ ಕೈಮುಗಿದು ಎದ್ದು, "ಕೂಸಿನ್ನ ನಾ ನೋಡ್ಕೋತೀನಿ. ನೀ ಆಸ್ಪತ್ರಿಗೆ ನಡಿ," ಎಂದರು.

ಕೀಮೋ, ಆಪರೇಷನ್ ಎರಡೂ ಮುಗಿದ ಮೇಲೆ ಶ್ರಾವಣ ಶುಕ್ರವಾರ ಬಂತು. ಓಣಿಯ ಹೆಂಗಸರು ಅರಿಷಿಣ-ಕುಂಕುಮಕ್ಕೆ ಬಂದರು. ತಲೆಗೆ ಅರಿವೆ ಸುತ್ತಿಕೊಂಡ ಶ್ರೀಪ್ರಿಯಾ ಒಳಕೋಣೆಯಲ್ಲೇ ಕುಳಿತಳು.

"ಅಕಿ ಒಳಗೇ ಇರ್ಲಿ ಬಿಡ್ರಿ," ಎಂದಳು ಒಬ್ಬಾಕೆ.

ಬಾಯಿಯವರು ಸೊಸೆಯ ಕೈ ಹಿಡಿದು ತಂದು ಮಣೆಯ ಮೇಲೆ ಕೂಡಿಸಿದರು. ಕುಂಕುಮವಿಟ್ಟು, ಅಕ್ಕಿ, ಕೊಬ್ಬರಿಬಟ್ಟಲು, ಎಲೆ-ಅಡಿಕೆ ಹಾಕಿ, ಎಲ್ಲರಿಗಿಂತ ಮೊದಲು ಅವಳ ಉಡಿ ತುಂಬಿದರು.

"ಅತ್ತಿ, ರೇಡಿಯೇಷನ್ ಇನ್ನೂ ಬಾಕಿ ಅದ," ಎಂದಳು ಅವಳು ಮೆಲ್ಲಗೆ.

"ಇರ್ಲಿ, ಅದನ್ನೂ ಮುಗಿಸೂಣು. ದೇವರು ನಿನ್ನ ನಮ್ಮ ಮನಿಯೊಳಗ ಉಳಿಸ್ಯಾನ. ಇದಕ್ಕಿಂತ ಹೆಚ್ಚು ನಾ ಏನು ಬೇಡ್ಲಿ?"

ತಾಯಂದಿರೇ, ತಂಗಿಯರೇ, ಎದೆಯಲ್ಲಿ ಗಂಟು ಕಂಡರೆ, ತೊಟ್ಟಿನಿಂದ ರಕ್ತ ಬಂದರೆ, ಚರ್ಮ ಒಳಗೆ ಸೆಳೆದಂತಾದರೆ, ವಯಸ್ಸು ಚಿಕ್ಕದೆಂದು ಸುಮ್ಮನಿರಬೇಡಿ. ಹಾಲುಣಿಸುವವರೂ ತೋರಿಸಿಕೊಳ್ಳಿ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಆದರೆ ಅದನ್ನು ಹೇಳಬೇಕಾದವರು ವೈದ್ಯರು. ಅತ್ತೆಯಂದಿರೇ, ಸೊಸೆಯ ಜೊತೆ ನೀವೇ ಆಸ್ಪತ್ರೆಗೆ ಹೋಗಿರಿ. ಹೋದವರಿಗಾಗಿ ಅಳುವವರು ನಾವು ಬಹಳ ಮಂದಿ ಇದ್ದೇವೆ. ಬದುಕಿ ಉಳಿದವರಿಗಾಗಿ ದೇವರಿಗೆ ಕೈಮುಗಿಯುವ ಭಾಗ್ಯ ನಿಮ್ಮದಾಗಲಿ.