ಕೂರ್ಮನ ಎಡೆ

ಬಾಯಿ ಬಿಡಲಿಲ್ಲ.

ಪ್ರಹ್ಲಾದ ರಸಬಾಳೆಹಣ್ಣನ್ನು ಕಿವುಚಿ, ಬೆರಳ ತುದಿಗೆ ಮೆತ್ತಿಕೊಂಡು, ಆಮೆಯ ಮೂತಿಗೆ ಮತ್ತೊಮ್ಮೆ ಒತ್ತಿದ. ಮೂತಿ ಒಳಗೆ ಹೋಯಿತು. ಹಣ್ಣು ಕತ್ತಿನ ಸುಕ್ಕಿನಲ್ಲಿ ಉಳಿಯಿತು. ನಿನ್ನೆಯ ಹಣ್ಣೂ ಅಲ್ಲೇ ಇತ್ತು, ಮೊನ್ನೆಯ ಪಂಚಾಮೃತವೂ. ಆ ಸುಕ್ಕುಗಳಿಂದ ಏಳುತ್ತಿದ್ದ ವಾಸನೆಯ ಮುಂದೆ ನಂಜನಗೂಡಿನ ಹೊಗೆಕೊಳವೆಗಳೆಲ್ಲ ಸಾಲಾಗಿ ನಿಂತು ಕೈಮುಗಿಯಬೇಕು.

“ತಿಂದ್ನೇನೋ?” ದೇವರಮನೆಯ ಹೊಸಿಲಾಚೆಯಿಂದ ಅಮ್ಮ ಕೇಳಿದಳು.

“ಇನ್ನೂ ಇಲ್ಲಮ್ಮ.”

“ನಿನ್ನ ಕೈ ಒರಟು. ಅವನಿಗೆ ಹಿಂಸೆ ಆಗತ್ತೆ.”

“ನೀನು ಒಂದು ಲೋಟ ಹಾಲಾದ್ರೂ ಕುಡಿ. ಮಾತ್ರೆ ನುಂಗಿದೀಯ.”

“ಮೊದಲು ಅವನದಾಗಲಿ.”

ಆ ಮನೆಯಲ್ಲಿ ಆಮೆ ಉಂಡ ಮೇಲೇ ಮನುಷ್ಯರ ಊಟ. ಅಪ್ಪನ ವೈಕುಂಠ ಸಮಾರಾಧನೆಯ ದಿನ ನದಿಯ ಸೋಪಾನಕಟ್ಟೆಯ ಮೇಲೆ ಯಾರೋ ಬಿಟ್ಟುಹೋಗಿದ್ದ ಪ್ರಾಣಿ ಅದು. ಬೆನ್ನ ತುಂಬ ನಕ್ಷತ್ರದ ಗೆರೆ. ಸಾಕ್ಷಾತ್ ಕೂರ್ಮಾವತಾರವೆಂದು ಅಮ್ಮ, ಅಂಬುಜಮ್ಮ, ಸೆರಗಿನಲ್ಲಿ ತುಂಬಿಕೊಂಡು ಬಂದಳು. ಅಂದಿನಿಂದ ಅದಕ್ಕೆ ದಿನಾ ಹಾಲು, ಮೊಸರು, ತುಪ್ಪ, ಜೇನಿನ ಅಭಿಷೇಕ. ಆಮೇಲೆ ಹಿತ್ತಾಳೆ ಬೋಗುಣಿಯ ನೀರಿನಲ್ಲಿ ವಾಸ. ಕೂರ್ಮನೆಂದ ಮೇಲೆ ನೀರಿಲ್ಲದೆ ಆದೀತೇ? ಬಾಳೆಲೆಯ ಮೇಲೆ ಮೊಸರನ್ನ, ಹಣ್ಣು. ಅದು ನಾಲ್ಕು ಅಗುಳು ಮುಟ್ಟಿದರೆ ಎಡೆ ಒಪ್ಪಿತು ಎಂದರ್ಥ. ಒಪ್ಪುವ ತನಕ ಎಲೆ ಕದಲಿಸುವಂತಿಲ್ಲ.

ಈಗ ಕೂರ್ಮ ಬಾಯಿ ಮುಚ್ಚಿದ್ದ. ನಿನ್ನೆಯಿಂದ ಅವಳೂ ಮುಚ್ಚಿದ್ದಳು. ಅಮ್ಮನಿಗೆ ಉಪವಾಸ ಹೊಸದಲ್ಲ. ಆದರೆ ಏಕಾದಶಿಗೆ ದ್ವಾದಶಿ ಅಂತ ಒಂದಿದೆ. ಇದಕ್ಕಿರಲಿಲ್ಲ. ಸಕ್ಕರೆ ಕಾಯಿಲೆಯ ಮೈ. ಬೆಳಿಗ್ಗೆ ಹೂ ಕೊಯ್ಯಲು ಹೋದವಳು ಗೋಡೆ ಹಿಡಿದು ಬಹಳ ಹೊತ್ತು ನಿಂತಿದ್ದಳು. ಪ್ರಹ್ಲಾದ ಹಿಡಿಯಲು ಓಡಿಹೋದರೆ, “ನನ್ನನ್ನಲ್ಲ, ಅವನನ್ನ ನೋಡು ಹೋಗು,” ಎಂದಳು.

ಪ್ರಹ್ಲಾದ ಎಂಥ ಮನಸ್ಸನ್ನಾದರೂ ಮಾತಿನಲ್ಲೇ ಬಗ್ಗಿಸಬಲ್ಲನೆಂದು ಎರಡು ತಾಲ್ಲೂಕಿಗೂ ಗೊತ್ತಿತ್ತು. ಗೊತ್ತು ಮಾಡಿಸಿದವನು ಅವನೇ. ಟಿ. ನರಸೀಪುರದ ಕಾಲೇಜಿನಲ್ಲಿ ಅವನು ಮನಶ್ಶಾಸ್ತ್ರದ ಪಾಠಕ್ಕೆ ನಿಂತರೆ ಸಂಗಮದಲ್ಲಿ ಕಾವೇರಿ, ಕಪಿಲೆ ಎರಡೂ ಹರಿಯುವುದು ಬಿಟ್ಟು ಕಿವಿಗೊಡುತ್ತಿದ್ದವಂತೆ. ಅಂಥವನ ಮಾತು ಒಂದು ಆಮೆಯ ಹತ್ತಿರ ನಡೆಯಲಿಲ್ಲ. ಅಮ್ಮನ ಹತ್ತಿರ ಎಂದೂ ನಡೆದಿರಲಿಲ್ಲ.

ಕೊನೆಗೆ ಆಮೆಯನ್ನು ಊಟದ ಬ್ಯಾಗಿಗೆ ಇಳಿಸಿ ದಿನಾ ಕಾಲೇಜಿಗೆ ಹೋಗುವ ನರಸೀಪುರದ ಬಸ್ಸು ಹತ್ತಿದ. ಆ ಊರಿನಲ್ಲಿ ಪರಿಚಯದ ದನದ ಡಾಕ್ಟರೊಬ್ಬರಿದ್ದರು.

ದಾರಿಯಲ್ಲಿ ಹದಿನಾರು ಗ್ರಾಮದಲ್ಲಿ ಹತ್ತಿ ಪಕ್ಕದಲ್ಲಿ ಕೂತ ಮುದುಕಿ ಮೂಗಿಗೆ ಸೆರಗು ಹಿಡಿದಳು.

“ಬುತ್ತಿ ಅಳಸೋಗದೆ ಸಾ. ಕಿಟಕೀಲಿ ಎಸೀರಿ ಅತ್ಲಾಗೆ.”

“ಬುತ್ತಿಯಲ್ಲ.”

“ಮತ್ತಿನ್ನೇನ?”

“ದೇವರ ಸಾಮಾನು.”

ಮುದುಕಿ ಬ್ಯಾಗನ್ನೂ ಅವನ ಮುಖವನ್ನೂ ನೋಡಿದಳು. “ಯಾವ ದ್ಯಾವ್ರು ಸಾ ಇಂಗೆ ನಾರದು?” ಎಂದು ಎದ್ದು ಹಿಂದಿನ ಸೀಟಿಗೆ ಹೋದಳು. ಆಮೇಲೆ ನರಸೀಪುರದವರೆಗೆ, ಕಂಡಕ್ಟರು ಸೇರಿದಂತೆ, ಭೂಮಂಡಲದ ಒಂದು ಜೀವವೂ ಅವನ ಪಕ್ಕಕ್ಕೆ ಸುಳಿಯಲಿಲ್ಲ. ಅವನಿಗೇನೂ ಅನ್ನಿಸಲಿಲ್ಲ. ಹಾಗೆ ಕೂತು ಅಭ್ಯಾಸವಿತ್ತು.

ಡಾಕ್ಟರು ಬ್ಯಾಗಿನೊಳಗೆ ಇಣುಕಿ ನೋಡಿದವರೇ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು.

“ಎಲ್ಲಿ ಸಿಕ್ತು?”

“ಸಿಕ್ಕಿತು.”

“ಎಲ್ಲರಿಗೂ ಹಾಗೇ ಸಿಕ್ಕೋದು. ನಕ್ಷತ್ರ ಆಮೆ ಇದು ಸಾರ್. ಮನೇಲಿ ಇಟ್ಕೊಂಡ್ರೆ ಕೇಸಾಗ್ತದೆ.” ಚಿಪ್ಪು ತಿರುಗಿಸಿ ಮೂಸಿ, ತಟ್ಟನೆ ಮುಖ ಹಿಂದಕ್ಕೆಳೆದುಕೊಂಡರು. “ಏನು ಸ್ನಾನ ಮಾಡಿಸ್ತೀರ ಇದಕ್ಕೆ?”

“ಪಂಚಾಮೃತ.”

“ಊಟ?”

“ಮೊಸರನ್ನ.”

ಡಾಕ್ಟರು ನಗಲಿಲ್ಲ. “ಒಣ ನೆಲದ ಪ್ರಾಣಿ ಸಾರ್. ಹುಲ್ಲು ಸೊಪ್ಪು ತಿಂದ್ಕೊಂಡು ಬಿಸಿಲಲ್ಲಿ ಬಿದ್ದಿರೋದು. ನೀರಲ್ಲಿಟ್ಟು ಎದೆಗೆ ಶೀತ ಕೂರಿಸಿದೀರಿ. ನಾನು ನೋಡ್ಲಿಲ್ಲ, ನೀವು ತರ್ಲಿಲ್ಲ. ಸೀದಾ ಫಾರೆಸ್ಟ್ ಆಫೀಸಿಗೆ ಹೋಗಿ ಕೊಟ್ಬಿಡಿ. ಇವತ್ತು ಕೊಟ್ರೆ ಉಳಕೊಂಡ್ರೂ ಉಳಕೋಬಹುದು.”

“ನಮ್ಮ ತಾಯಿ…”

“ತಾಯಿಗೆ ಹೇಳಿ. ನೀವು ಮಾತಾಡೋರಲ್ವೇ.”

ಅರಣ್ಯ ಇಲಾಖೆಯ ಗೇಟಿನ ತನಕ ಹೋದ. ಕೊಟ್ಟರೆ ಆಮೆ ಬದುಕುತ್ತದೆ. ಬರಿಗೈಯಲ್ಲಿ ಮನೆಗೆ ಹೋದರೆ ಅಮ್ಮ ಒಂದು ಅಗುಳೂ ಮುಟ್ಟುವುದಿಲ್ಲ. ಹಟದಲ್ಲಿ ಅವಳಿಗೆ ಸಮನಾದವರು ಮೂರು ಲೋಕದಲ್ಲಿಲ್ಲ. ಇದು ತೂಗಿ ನೋಡುವ ಮಾತೇ ಆಗಿರಲಿಲ್ಲ. ಆದರೂ ಗೇಟಿನ ಸರಳು ಹಿಡಿದು ನಿಂತಾಗ ಅವನಿಗೊಂದು ಹೊಲಸು ಯೋಚನೆ ಬಂತು: ನಾನು ಊಟ ಬಿಟ್ಟರೆ ಅಮ್ಮ ಹೀಗೆ ಕಾಯುತ್ತಾಳಾ? ಹಿಂದೊಮ್ಮೆ ಜ್ವರ ಬಂದು ವಾರವಿಡೀ ಗಂಜಿಯೂ ಸೇರದೆ ಮಲಗಿದ್ದ. ಆಗ ಅಡುಗೆಮನೆಯಲ್ಲಿ ಒಗ್ಗರಣೆ ಹೊತ್ತಿಗೆ ಸರಿಯಾಗಿ ಚಟಪಟ ಎನ್ನುತ್ತಿತ್ತು.

ಒಳಗಿನಿಂದ ಒಬ್ಬ ಗಾರ್ಡು ಬಂದು, “ಯಾರ್ ಬೇಕಿತ್ತು ಸಾ?” ಎಂದ.

“ಯಾರೂ ಇಲ್ಲ,” ಎಂದು ಹೊರಟುಬಂದ.

ಕಾಲು ಅವನನ್ನು ಹೋಟೆಲಿಗೆ ಎಳೆದುಕೊಂಡು ಹೋಯಿತು. ಮಸಾಲೆದೋಸೆ ಬಂತು. ಸುತ್ತ ನೋಡಿದ. ಊರಿಗೆ ಊರೇ ಅಗಿಯುತ್ತಿತ್ತು. ದವಡೆಗಳು ಮೇಲೆ ಹೋಗಿ ಕೆಳಗೆ ಬರುತ್ತಿದ್ದವು. ತುಟಿಯ ಮೂಲೆಗಳಲ್ಲಿ ಚಟ್ನಿ. ಗಂಟಲುಗಳಲ್ಲಿ ಏನೋ ಇಳಿಯುತ್ತಿರುವ ಉಬ್ಬು. ಅವನ ದವಡೆಯೂ ಆಡುತ್ತಿತ್ತು. ಎಣ್ಣೆ ನಾಲಗೆಗೆ ಮೇಣದ ಹಾಗೆ ಹತ್ತಿತು.

ಅವನ ಕಾಲೇಜಿನಲ್ಲೇ ಇತಿಹಾಸ ಹೇಳುವ ಶಿವಣ್ಣ ಕಾಫಿ ಹಿಡಿದು ಎದುರಿಗೆ ಬಂದು ಕೂತ.

“ಅಮ್ಮಾವ್ರು ಉಪವಾಸ ಅಂತ ಫೋನಲ್ಲಿ ಅಂದ್ರಲ್ಲಾ ಸಾ, ರಜಾ ಹಾಕೋವಾಗ.”

“ಹೂಂ.”

“ನೀವು?”

“ನನಗೂ ಏನೂ ಸೇರ್ತಿಲ್ಲ,” ಎಂದ ಪ್ರಹ್ಲಾದ, ದೋಸೆ ಮುರಿಯುತ್ತ.

ಶಿವಣ್ಣ ತಟ್ಟೆ ನೋಡಿದ. ಆಮೇಲೆ ಬೆಂಚು ನೋಡಿದ. “ನಿಮ್ ಬ್ಯಾಗು ನಡೀತಾ ಅದೆ ಸಾ.”

“ಗಾಳಿ.”

“ಓಹೋ,” ಎಂದು ಶಿವಣ್ಣ ಕಾಫಿ ಊದಿಕೊಂಡ. “ಒಳ್ಳೆ ಗಾಳಿ.”

ಸಂಜೆ ಮನೆಗೆ ಬಂದಾಗ ಅಂಬುಜಮ್ಮ ದೇವರಮನೆಯ ಬಾಗಿಲಿಗೆ ಒರಗಿ ಕೂತಿದ್ದಳು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಏಳಲು ಹೋಗಿ ಆಗದೆ ಅಲ್ಲೇ ಕೂತಳು.

“ಏನಂದ್ರೋ?”

ಬಗ್ಗಿಸಬಲ್ಲ ಮಾತುಗಳು ಅವನಲ್ಲಿ ಖಂಡುಗಗಟ್ಟಲೆ ಇದ್ದವು. ಬಾಯಿಗೆ ಬಂದದ್ದು ಬೇರೆ.

“ತಿನ್ನತ್ತಂತೆ. ಬಾಗಿಲು ಹಾಕಿ ತಿನ್ನಿಸಬೇಕಂತೆ. ಯಾರೂ ನೋಡಬಾರದಂತೆ.”

ಅವಳ ಮುಖ ಬೆಳಗಿತು. “ನೈವೇದ್ಯ ಅಂದ್ಮೇಲೆ ತೆರೆ ಬೇಡವೇ? ನನಗೇ ಹೊಳೀಲಿಲ್ಲ ನೋಡು.”

ಅಜ್ಜ ಗುಡಿಯ ಅರ್ಚಕರು. ಎಡೆಯಿಟ್ಟು ಗರ್ಭಗುಡಿಗೆ ತೆರೆ ಎಳೆದಾಗ, ಚಿಕ್ಕಂದಿನಲ್ಲಿ ಒಮ್ಮೆ ಅವನು ಕೇಳಿದ್ದ, ತೆರೆಯ ಹಿಂದೆ ದೇವರು ನಿಜವಾಗಿ ತಿಂತಾನಾ ಅಜ್ಜ, ಅಂತ. ಅಜ್ಜ ಕಿವಿ ಹಿಂಡಿದ್ದರು. ಅದು ಉತ್ತರವಾಗಿರಲಿಲ್ಲ.

ದೇವರಮನೆಯ ಒಳಗಿನಿಂದ ಅಗುಳಿ ಹಾಕಿದ. ಆಮೆಯನ್ನು ನೀರಿಗೆ ಬಿಡದೆ ನೆಲದ ಮೇಲಿಟ್ಟ. ಅದು ಇಟ್ಟ ಕಲ್ಲಿನಂತೆ ಕೂತಿತು. ಮೂಗಿನಲ್ಲೊಂದು ಗುಳ್ಳೆ ಊದಿ ಒಡೆಯಿತು. ಎಲೆಯ ಮೇಲೆ ನಿನ್ನೆಯ ಮೊಸರನ್ನ ಹುಳಿತು ಹಳದಿ ನೀರು ಬಿಟ್ಟಿತ್ತು. ಹಣ್ಣು ಕಪ್ಪಾಗಿತ್ತು, ಅದರ ಮೇಲೆ ನೊಣ. ಎಲೆಸಮೇತ ಮಡಿಸಿ ಬ್ಯಾಗಿಗೆ ತುರುಕುವುದೆಂದು ಬಸ್ಸಿನಲ್ಲೇ ಯೋಚಿಸಿಟ್ಟಿದ್ದ. ಕೈಹಾಕಿದ.

“ಸದ್ದೇ ಇಲ್ವಲ್ಲೋ.” ಅಮ್ಮನ ದನಿ ಬಾಗಿಲಿಗೆ ಅಂಟಿಕೊಂಡೇ ಇತ್ತು. “ಅವನು ತಿನ್ನೋ ಸದ್ದು ನನಗೆ ಗೊತ್ತು. ನೆಲದ ಹತ್ತಿರ ಚಪ್ ಚಪ್ ಅಂತಿರತ್ತೆ.”

ಎಲೆಯಿಂದ ಕೈ ತೆಗೆದ. ಆಮೇಲೆ ಮಂಡಿಯೂರಿದ. ಎರಡೂ ಅಂಗೈ ನೆಲಕ್ಕೂರಿ ಎಲೆಯ ಮೇಲೆ ಬಾಗಿದ. ಮೊದಲ ತುತ್ತು ಬಾಯೊಳಗೆ ಲೋಳೆಯಾಗಿ ಹರಡಿತು. ಮಧ್ಯಾಹ್ನದ ದೋಸೆ ಗಂಟಲಿನವರೆಗೆ ಎದ್ದುಬಂದು ನೋಡಿ ಹಿಂದೆ ಹೋಯಿತು. ಅಗಿದ. ಚಪ್. ಚಪ್.

“ಬಂಗಾರ,” ಎಂದಳು ಅಮ್ಮ. “ನಿಧಾನ ಕಣೋ ರಾಜ. ಎಷ್ಟು ಹಸಿದಿದ್ಯೋ ಏನೋ ನನ್ನಪ್ಪ.”

ಆ ದನಿಯನ್ನು ಅವನು ಎಂದೂ ಕೇಳಿರಲಿಲ್ಲ. ಕಣ್ಣು ಮುಚ್ಚಿಕೊಂಡು ಇನ್ನೊಂದು ತುತ್ತು ಎಳೆದುಕೊಂಡ. ನೊಣ ಹಾರಿತೋ ಒಳಗೇ ಹೋಯಿತೋ ತಿಳಿಯಲಿಲ್ಲ.

ಹೊರಗೆ ತಟ್ಟೆಯ ಸದ್ದಾಯಿತು. ಅವಳೂ ಉಣ್ಣತೊಡಗಿದಳು. ಹಲ್ಲಿಲ್ಲದ ಬಾಯಿ ನೆನೆದ ಅನ್ನವನ್ನು ಹೊರಳಿಸುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಬಾಗಿಲಿನ ಎರಡೂ ಕಡೆ ಅಗಿಯುವುದು ನಡೆದಿತ್ತು.

“ಪ್ರಹ್ಲಾದ, ಇನ್ನೂ ಬೇಕಂತಾನಾ ಕೇಳು. ಕಲಸಿಕೊಡ್ತೀನಿ. ಇನ್ನುಮೇಲೆ ದಿನಾ ಹೀಗೇ ಬಾಗಿಲು ಹಾಕ್ಕೊಂಡು ತಿನ್ನಿಸು.”

ಬಾಯಿ ತುಂಬಿತ್ತು.

ಆಮೆ ಕತ್ತು ಹೊರಹಾಕಿತು. ಸುಕ್ಕು ಸುಕ್ಕಾಗಿ, ಪೂರ್ತಿ ಉದ್ದಕ್ಕೆ. ಅವನ ತುಟಿಯ ಮೂಲೆಗೆ ಹತ್ತಿದ್ದ ಅಗುಳನ್ನು ಮೂಸಿತು. ಹೇಸಿಗೆಯಾದಂತೆ ಕತ್ತನ್ನು ಒಳಗೆಳೆದುಕೊಂಡಿತು.

“ಪ್ರಹ್ಲಾದ?”

ಅವಳು ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿದಳು. ಆ ಸದ್ದು ಅವನ ಬೆನ್ನ ಮೇಲೇ ಆದಂತಾಯಿತು. ನಾಲ್ಕು ಕಾಲಿನ ಮೇಲೆ ನಿಂತಿದ್ದವನ ತಲೆ ತಾನಾಗಿ ಭುಜಗಳ ನಡುವೆ ಇಳಿಯಿತು.