ಹೊಂಡದ ನೀರಿನ ಡಬ್ಬಿ

ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂರುವ ಹೆಂಗಸಿಗೆ ಮಣ್ಣೆಂದರೆ ಮಣ್ಣಲ್ಲ, ಹುಳುವಿನ ಮೊಟ್ಟೆ. ಊರ ಮಕ್ಕಳ ಹೊಟ್ಟೆಯೊಳಗಿನದನ್ನೆಲ್ಲ ಕಂಡವಳು ತನ್ನ ಮಗಳನ್ನು ಹಿತ್ತಲಿಗೆ ಬಿಟ್ಟಾಳೆಯೇ? ಆದರೆ ಅವಳು ಕೆಲಸಕ್ಕೆ ಹೋದ ಮೇಲೆ ಮನೆ ಅತ್ತೆಯ ರಾಜ್ಯ.

"ಹೋಗೇ ಮಣ್ಣುಹುಳ, ಆಡ್ಕೋ. ನಿಮ್ಮಮ್ಮ ಬರೋದ್ರೊಳಗೆ ಕೈಕಾಲು ತೊಳೆಸ್ತೀನಿ," ಎಂದು ಅಜ್ಜಿ ಹಿಂಬಾಗಿಲು ತೆಗೆಯುತ್ತಿದ್ದಳು.

ಹಿತ್ತಲ ಹೊಂಡದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತರೆ ಮಗುವಿಗೆ ಹಸಿವೂ ನೆನಪಾಗದು. ಕಲ್ಲೆತ್ತಿದರೆ ಯಾವ ಹುಳು ಸುರುಳಿ ಸುತ್ತಿಕೊಳ್ಳುತ್ತದೆ, ಯಾವುದು ಓಡುತ್ತದೆ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ನೋಡಿ ನೋಡಿ ತಿಳಿದಿತ್ತು. ಒಂದು ದಿನ ನೀರಿನಲ್ಲಿ ಸಾಸಿವೆಗಿಂತ ಚಿಕ್ಕದೇನೋ ಕುಪ್ಪಳಿಸಿತು.

"ಅಜ್ಜೀ, ಇದರ ಹೊಟ್ಟೇಲಿ ಏನಿದೆ?"

"ನಂಗೆ ಹುಳಾನೇ ಕಾಣಲ್ಲ, ಇನ್ನು ಅದರ ಹೊಟ್ಟೆ! ನಿಮ್ಮಮ್ಮನ್ನ ಕೇಳು. ಅವಳ ಲ್ಯಾಬಿನ ಕನ್ನಡಿಗೆ ದೇವರ ಗುಟ್ಟೆಲ್ಲ ಕಾಣತ್ತೆ."

ಅಜ್ಜಿ ಅಂದದ್ದು ತಮಾಷೆಗೆ. ನೆರೆಮನೆಯವರು ಬೆಳಿಗ್ಗೆ ಕೊಡುವ ಸ್ಯಾಂಪಲ್ ಡಬ್ಬಿಗಳನ್ನು ಅಮ್ಮ ಚೀಲದಲ್ಲಿ ಒಯ್ದು, ಸಂಜೆ ಬಂದು ಒಳಗೇನಿತ್ತೆಂದು ಹೇಳುವುದನ್ನು ಮಗು ಕಂಡಿತ್ತು. ತಾನೂ ಒಂದು ಖಾಲಿ ಡಬ್ಬಿಗೆ ಹೊಂಡದ ನೀರು ತುಂಬಿ, ಆ ಚೀಲದಲ್ಲಿಟ್ಟಿತು.

ಲ್ಯಾಬಿನಲ್ಲಿ ಹೆಸರಿಲ್ಲದ ಡಬ್ಬಿ ಕೈಗೆ ಬಂದಾಗ ತಾಯಿ ಯೋಚಿಸದೆ ಒಂದು ಹನಿ ಗಾಜಿನ ಮೇಲಿಟ್ಟು ಬಗ್ಗಿದಳು. ಗಾಜಿನಂಥದೇ ಒಂದು ಜೀವ. ಮೈಯೊಳಗೆ ಹೃದಯ ಪಟಪಟ ಬಡಿಯುತ್ತಿತ್ತು. ಬೆನ್ನಲ್ಲಿ ಮರಿಗಳು, ಅವಕ್ಕೂ ಕಣ್ಣು. ಭಗವಂತ ಇಷ್ಟು ಚಿಕ್ಕದನ್ನೂ ಇಷ್ಟು ಶ್ರದ್ಧೆಯಿಂದ ಮಾಡಿದ್ದಾನಲ್ಲ ಎಂದು ಅವಳು ಕೆಲಸವನ್ನೇ ಮರೆತಳು.

"ಏನಮ್ಮಾ, ಯಾರ ಹೊಟ್ಟೇದಿದು? ಮೀನು ಸಾಕಿದಾರಾ?" ಹಿಂದೆ ನಿಂತ ದೊಡ್ಡ ಡಾಕ್ಟರು ಇಣುಕಿ ನೋಡಿದರು. ಮನೆಯ ಚೀಲದಲ್ಲಿ ಬಂದದ್ದು, ಮಗಳ ಕೆಲಸವಿರಬೇಕು ಎಂದು ಅವಳು ಹೇಳಿದಾಗ ಎಲ್ಲರೂ ನಕ್ಕರು. "ಇನ್ಮೇಲೆ ಮನೆಯಿಂದ ಒಂದು ಡಬ್ಬೀನೂ ಇಲ್ಲಿಗೆ ಬರಬಾರದು, ಹೇಳಿದೀನಿ."

ಡಬ್ಬಿಯನ್ನು ತೊಟ್ಟಿಗೆ ಸುರಿಯುವಾಗ ಅವಳ ಕಿವಿ ಕೆಂಪಗಾಗಿತ್ತು.

ಸಂಜೆ ಮಗು ಗೇಟಿನಲ್ಲೇ ಕಾಯುತ್ತಿತ್ತು. "ಅಮ್ಮಾ, ನನ್ನ ಡಬ್ಬೀಲಿ ಏನಿತ್ತು?"

ನಿಜ ಹೇಳಿದರೆ ನಾಳೆ ಹತ್ತು ಡಬ್ಬಿ, ಮೈತುಂಬ ಮಣ್ಣು.

"ಏನೂ ಇರಲಿಲ್ಲ."

"ಕುಪ್ಪಳಿಸ್ತಿತ್ತಲ್ಲಮ್ಮಾ?"

"ನಾನು ಕನ್ನಡೀಲಿ ನೋಡಿದೀನಿ ಕಣೇ. ಬರೀ ಕೊಳಕು ನೀರು."

ಮಗು ಹಟ ಮಾಡಲಿಲ್ಲ. ಅಕ್ಕಪಕ್ಕದವರೆಲ್ಲ ನಂಬುವ ಅಮ್ಮನ ಮಾತನ್ನು ಅದು ಹೇಗೆ ನಂಬದಿದ್ದೀತು?

ಮರುದಿನ ತಾಯಿ ಮುಂಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ಒಳಗೆ ಅಜ್ಜಿಯ ಪಿಸುದನಿ: "ಹೊರಟ್ಲು, ಬಾರೇ."

"ಬೇಡ ಅಜ್ಜಿ. ಅಲ್ಲಿ ಏನೂ ಇಲ್ವಂತೆ. ನನ್ನ ಕಣ್ಣೇ ಸರಿಯಿಲ್ಲ."

ತಾಯಿ ಒಂದು ಗಳಿಗೆ ನಿಂತಳು. ಒಳಗೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೊತ್ತಾಗಿತ್ತು, ಬಾಗಿಲೆಳೆದುಕೊಂಡು ಹೊರಟಳು.