ಮೊದಲ ಮೂರು ದಿನ ಕುಪವಾಡದಲ್ಲಿ

ಊರಿನಲ್ಲಿ ದಿನಕ್ಕೊಂದು ಮೊಬೈಲ್ ಅಂಗಡಿ ತೆರೆಯುತ್ತಿದ್ದ 2007ರ ಮಾತು. ವೃಷಾಲಿ ಸಾಂಗಲಿಯಲ್ಲಿ ಕೂತು ಕಂಪ್ಯೂಟರ್ ನಡೆಸುವ ಲಿನಕ್ಸ್ ವ್ಯವಸ್ಥೆಯದೇ ತನ್ನದೊಂದು ಪುಟ್ಟ ಆವೃತ್ತಿ ಕಟ್ಟಿದ್ದಳು. ಅವಳ ಮಾತು ನಂಬಿ ಮಿರಜದ ನಲವತ್ತು ರಕ್ತತಪಾಸಣೆ ಲ್ಯಾಬುಗಳು ಅದನ್ನೇ ಹಾಕಿಸಿಕೊಂಡಿದ್ದವು. ಈಗ ಅದರಲ್ಲಿ ಮುದ್ರಣದ ಕೆಲಸ ನೋಡುವ ಹಳೆಯ ಲೈಬ್ರರಿ, ಅಂದರೆ ಎಲ್ಲ ಪ್ರೋಗ್ರಾಂಗಳೂ ಹಂಚಿಕೊಳ್ಳುವ ಕೋಡು, ತೆಗೆದು ಹೊಸದನ್ನು ಕೂರಿಸಬೇಕಿತ್ತು. ಹತ್ತಾರು ಪ್ರೋಗ್ರಾಂಗಳು ಆ ಹಳೆಯದನ್ನೇ ಆತು ನಿಂತಿದ್ದವು. ಲ್ಯಾಬುಗಳಲ್ಲಿ ರಿಪೋರ್ಟು ಕೆಟ್ಟರೆ ಕಾಯಿಲೆಯವರು ಕಂಗಾಲು, ಇವಳ ನಾಲ್ಕು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಅದಕ್ಕೇ ದುಡುಕದೆ ಮೆಟ್ಟಿಲು ಮಾಡಿಕೊಂಡಳು. ಮೊದಲು ಪಕ್ಕದ ಕುಪವಾಡದ ಒಂದೇ ಯಂತ್ರ, ಮೂರು ದಿನ ತಕರಾರು ಬಾರದಿದ್ದರೆ ಸೋಮವಾರ ಐದು ಲ್ಯಾಬು, ಆಮೇಲೆ ಉಳಿದವು. ಮೊದಲ ಪ್ರಯೋಗಕ್ಕೆ ಹೊರಗಿನವರನ್ನು ಕೇಳಲು ಸಂಕೋಚ. ಅಲ್ಲಿ ಅವಳ ಚಿಕ್ಕಪ್ಪ ಆದಪ್ಪಕಾಕಾನ ಅರಿಶಿನಪುಡಿ ಕಾರ್ಖಾನೆಯ ಕಂಪ್ಯೂಟರ್ ಇತ್ತಲ್ಲ, ಪೊಟ್ಟಣದ ಚೀಟಿ ಅಚ್ಚುಮಾಡುವಂಥದ್ದು, ಅದಕ್ಕೇ ಹೊಸ ಲೈಬ್ರರಿ ಹಾಕಿದಳು.

"ಏನರ ತ್ರಾಸ ಆದ್ರ ಫೋನ್ ಮಾಡ್ರಿ ಕಾಕಾ" ಎಂದು ಹೇಳಿಯೂ ಬಂದಳು. ಮೂರು ದಿನ ಫೋನು ಸದ್ದೇ ಮಾಡಲಿಲ್ಲ. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಭಾನುವಾರ ಸಂಜೆ, ಜೈನರ ಮನೆಯ ರೂಢಿಯಂತೆ ಬೆಳಕಿರುವಾಗಲೇ, ಕಾಕಾನ ಮನೆಗೆ ಊಟಕ್ಕೆ ಹೋದಳು.

ಪಡಸಾಲೆಯಲ್ಲಿ ಜಿನಮತಿ ಕಾಕು ಪೊಟ್ಟಣಗಳ ರಾಶಿಯ ನಡುವೆ ಕೂತು ಒಂದೊಂದರ ಮೇಲೂ ಪೆನ್ನಿನಿಂದ ತಾರೀಖು ಬರೆಯುತ್ತಿದ್ದರು.

"ಇದೇನ್ರಿ ಕಾಕು?"

"ಮಷೀನು ಕಡೀ ಸಾಲು ಬಿಡಾಕತ್ತೈತಿ, ಮೂರು ದಿನಾ ಆತು. ನಿಮ್ಮ ಕಾಕಾ ಅಂದ್ರು, ಪೋರಿ ಕಷ್ಟಪಟ್ಟ ಮಾಡ್ಯಾಳ, ಹೇಳಿ ಮನಸ್ಸು ಯಾಕ ನೋಯಿಸೂದು ಅಂತ."

ವೃಷಾಲಿ ಒಂದು ಪೊಟ್ಟಣ ಎತ್ತಿ ನೋಡಿದಳು; ಕಡೆಯ ಸಾಲಿನ ಜಾಗ ಖಾಲಿ. ಎಷ್ಟೋ ಲ್ಯಾಬ್ ರಿಪೋರ್ಟುಗಳಲ್ಲಿ ಕಡೆಯ ಸಾಲೆಂದರೆ ರಕ್ತದ ಸಕ್ಕರೆಯ ಅಂಕಿ. ನಾಳೆ ಬೆಳಿಗ್ಗೆ ಐದು ಲ್ಯಾಬುಗಳಲ್ಲಿ ಅದೇ ಮಾಯವಾಗಲಿತ್ತು. ಕಾಕಾನ ಮೇಲೆ ಸಿಟ್ಟೂ ಬರಲೊಲ್ಲದು. ಅಣ್ಣನ ಮಗಳ ಅಡುಗೆಗೆ ಉಪ್ಪು ಕಡಿಮೆ ಎನ್ನುವ ಕಾಕಾ ಯಾವ ಊರಲ್ಲಿದ್ದಾನೆ?

"ಹೇಳಬೇಕಿತ್ತರಿ" ಎಂದಳು, ಒಳಗಿನಿಂದ ಬಂದ ಕಾಕಾನಿಗೆ.

"ಸಣ್ಣ ಮಾತು ಬಿಡು. ಮೊದ್ಲು ಊಟಾ ಮಾಡು."

ಊಟ ಮಾಡಿ, ಸೋಮವಾರದ ಐದು ಲ್ಯಾಬುಗಳನ್ನು ಯೋಜನೆಯಿಂದ ಹೊಡೆದುಹಾಕಿದಳು. ಕಾಕಾನ ಯಂತ್ರಕ್ಕೆ ಹಳೆಯ ಲೈಬ್ರರಿ ಮರಳಿತು. ದೋಷ ಹುಡುಕಿ ತಿದ್ದಲು ಎಂಟು ದಿನ ಹಿಡಿಯಿತು. ಈ ಸಲ ಮೊದಲ ಮೆಟ್ಟಿಲಿಗೆ ಮಾಲಗಾಂವದ ತಾತ್ಯಾಸಾಹೇಬರನ್ನು ಆರಿಸಿದಳು. ದ್ರಾಕ್ಷಿ ವ್ಯಾಪಾರಿ, ಬಿಲ್ಲು ಅಚ್ಚುಮಾಡಲು ಇವಳದೇ ಲಿನಕ್ಸ್; ಚಹಾ ಬಿಸಿಯಿದ್ದರೂ ಜಗಳ, ಆರಿದರೂ ಜಗಳ.

ಹಾಕಿ ಬಂದು ಅರ್ಧ ಗಂಟೆಯಾಗಿರಲಿಲ್ಲ, ಫೋನು ಬಂತು.

"ಏನ್ ಹಾಕಿ ಹೋಗೀದಿ ತಂಗಿ ಇದು? ಅಕ್ಷರ ಒಂದೆಳಿ ದಪ್ಪ ಬರಾಕತ್ತಾವ."

ವೃಷಾಲಿಗೆ ಅಳು ಬರುವಷ್ಟು ಸಂತೋಷವಾಯಿತು. "ಹೌದ್ರಿ? ಮತ್ತ ಇನ್ನೇನೇನ ಆಗೇತಿ, ಎಲ್ಲಾ ಹೇಳ್ರಿ" ಎಂದು ಕುರ್ಚಿ ಎಳೆದುಕೊಂಡು ಕೂತಳು.